ಪದರದ ಮೇಲೆ ಪದರ: ಮನೆಯಲ್ಲೇ ಉಗುರಿನ ಚಿತ್ತಾರ

ಯುವ ಅಂಗಳ



ಹಬ್ಬ ಹತ್ತಿರ ಬಂತೆಂದರೆ ನಮ್ಮ ಹಿಂಜವಾಡಿಯ ಕನ್ನಡ ಮನೆಗಳಲ್ಲಿ ಒಂದು ಸಣ್ಣ ಜಗಳ ತಪ್ಪಿದ್ದಲ್ಲ. ಮಗಳು ಉಗುರಿಗೆ ಬಣ್ಣ ಹಚ್ಚಿಕೊಂಡು ಹತ್ತೂ ಬೆರಳು ಚಾಚಿ ಕೂತಿರುತ್ತಾಳೆ. ಅಡುಗೆಮನೆಯಿಂದ ಅಮ್ಮ, “ಒಂದಿಷ್ಟು ಕಾಯಿ ತುರಿದುಕೊಡು ಬಾರೇ” ಎಂದು ಕೂಗುತ್ತಾಳೆ. “ಇನ್ನೂ ಒಣಗಿಲ್ಲ ಅಮ್ಮಾ” ಎಂದು ಇವಳು. ಊರಿನಿಂದ ಬಂದ ಅಜ್ಜಿ ಮೂಗು ಮುಚ್ಚಿಕೊಂಡು, “ನಮ್ಮ ಕಾಲದಾಗ ಮದರಂಗಿ ಒಂದ ಇತ್ತವ್ವಾ, ಈ ಘಾಟು ವಾಸನಿ ಇರಲಿಲ್ಲ” ಎಂದು ತಮ್ಮ ಮಾತು ಸೇರಿಸುತ್ತಾರೆ. ಅಷ್ಟಾದ ಮೇಲೆ ಆ ಬಣ್ಣವಾದರೂ ಸರಿಯಾಗಿ ನಿಲ್ಲುತ್ತದೆಯೇ? ಅದೂ ಇಲ್ಲ. ರಾತ್ರಿ ಹಾಸಿಗೆಯ ಚಾದರದ ಅಚ್ಚು ಬೀಳುತ್ತದೆ, ಬೆಳಿಗ್ಗೆ ರೊಟ್ಟಿ ಹಿಟ್ಟು ನಾದಿದರೆ ತುದಿ ಎದ್ದು ಬರುತ್ತದೆ.

ಈ ಸಲದ ಅಂಕಣ ಆ ಮಗಳಿಗಾಗಿ. ಚಿತ್ರ ಬರೆಯುವ ಕೈಯಿರುವ ಗಂಡುಮಕ್ಕಳೂ ಓದಬಹುದು, ತಂಗಿಗೆ ಹಚ್ಚಿಕೊಡಲಾದರೂ ಉಪಯೋಗವಾದೀತು. ಓದಲು ತಡವರಿಸುವವರು ಅಮ್ಮನಿಂದಲೋ ಅಜ್ಜಿಯಿಂದಲೋ ಗಟ್ಟಿಯಾಗಿ ಓದಿಸಿಕೊಳ್ಳಿ. ಹೇಳುವುದೆಲ್ಲದರ ಸಾರ ಒಂದೇ. ಕರ್ನಾಟಕದ ಹೆದ್ದಾರಿಗಳಲ್ಲಿ ನೀವೆಲ್ಲ ನೋಡಿರುವ ಫಲಕ ನೆನಪಿದೆಯೇ, “ಅವಸರವೇ ಅಪಘಾತಕ್ಕೆ ಕಾರಣ” ಎಂದು? ಉಗುರಿನ ಬಣ್ಣಕ್ಕೂ ಅದೇ ಮಾತು. ಬಣ್ಣ ಕೆಡುವುದು ಅವಸರದಿಂದ. ಉಗುರು ಕೆಡುವುದೂ ಅವಸರದಿಂದಲೇ.

ಮೂರು ಬಗೆಯ ಬಣ್ಣ

ಉಗುರಿಗೆ ಬಣ್ಣ ಬರುವುದು ಮೂರು ಬಗೆಯಲ್ಲಿ. ಅಜ್ಜಿಯ ಮದರಂಗಿ ಮೊದಲನೆಯದು. ಅರೆದ ಸೊಪ್ಪಿನಲ್ಲಿರುವ ಕೆಂಪು ಅಂಶ ಉಗುರಿನ ಒಳಗೇ ಇಳಿದು, ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್ ಎಂಬ ವಸ್ತುವಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಅದು ತೊಳೆದರೆ ಹೋಗುವುದಿಲ್ಲ, ಕೆರೆದರೂ ಹೋಗುವುದಿಲ್ಲ. ಉಗುರು ಬೆಳೆದ ಹಾಗೆ ಮೇಲೆ ಸರಿಯುತ್ತ ಹೋಗಿ, ಕತ್ತರಿಸಿದಾಗ ಮುಗಿಯುತ್ತದೆ.

ಎರಡನೆಯದನ್ನು ನಿಮ್ಮ ಅಪ್ಪ ಅಮ್ಮನ ಎಡಗೈ ತೋರುಬೆರಳಿನಲ್ಲಿ ಕಂಡಿರುತ್ತೀರಿ. ಅದು ಚುನಾವಣೆಯ ಶಾಯಿ. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಹಚ್ಚುವ ಈ ಶಾಯಿ ಬರುವುದು ನಮ್ಮ ಮೈಸೂರಿನಿಂದ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಸಂಸ್ಥೆ ಅದು. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. 1962ರ ಮಹಾಚುನಾವಣೆಯಿಂದ ಈ ಶಾಯಿ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದ ಮೇಲೆ ಕಪ್ಪಾಗುತ್ತದೆ. ಚರ್ಮದ ಮೇಲಿನ ಗೆರೆ ಕೆಲವು ದಿನಗಳಲ್ಲಿ ಮಾಸುತ್ತದೆ, ಉಗುರಿನ ಮೇಲಿನದು ಬೆಳೆದು ಹೋಗುವವರೆಗೂ ಇರುತ್ತದೆ. ನಿಮ್ಮಲ್ಲಿ ಹದಿನೆಂಟು ತುಂಬಿ ಇಲ್ಲಿ ಮೊದಲ ಸಲ ಲೋಕಸಭೆಗೆ ಮತ ಹಾಕಿದವರು ಪುಣೆಯಲ್ಲಿದ್ದುಕೊಂಡೇ ಮೈಸೂರಿನ ಬಣ್ಣವನ್ನು ಉಗುರಿನ ಮೇಲೆ ಹೊತ್ತು ತಿರುಗಿದ್ದೀರಿ!

ಮೂರನೆಯದು ಅಂಗಡಿಯ ಶೀಸೆಯ ಬಣ್ಣ, ಅಂದರೆ ನೇಲ್ ಪಾಲಿಶ್. ಇದು ಒಳಗೆ ಇಳಿಯುವುದಿಲ್ಲ. ಗೋಡೆಗೆ ಹಚ್ಚಿದ ಬಣ್ಣದಂತೆ ಮೇಲೆ ಕೂರುತ್ತದೆ, ಅಷ್ಟೆ. ಮೇಲೆ ಕೂರುವುದರಿಂದಲೇ ಒಂದರ ಮೇಲೊಂದು ಪದರ ಕೂರಿಸಿ ಚಿತ್ತಾರ ಮಾಡಲು ಬರುತ್ತದೆ. ಮೇಲೆ ಕೂರುವುದರಿಂದಲೇ ಎದ್ದು ಬರುವ ಭಯವೂ ಇದೆ.

ಪಿಂಪ್ರಿಯ ಕಾರು, ನಿಮ್ಮ ಉಗುರು

ಉಗುರುಬಣ್ಣದಲ್ಲಿ ಮುಖ್ಯವಾಗಿರುವುದು ನೈಟ್ರೋಸೆಲ್ಯುಲೋಸ್. ಅದನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರವಗಳಲ್ಲಿ ಕರಗಿಸಿ, ಬಣ್ಣದ ಪುಡಿ ಸೇರಿಸಿರುತ್ತಾರೆ. ಹಚ್ಚಿದಾಗ ದ್ರವ ಹಾರಿಹೋಗಿ ತೆಳ್ಳಗಿನ ಗಟ್ಟಿ ಪೊರೆ ಉಳಿಯುತ್ತದೆ. ಅಜ್ಜಿಯ ಮೂಗಿಗೆ ಬಡಿಯುವ ವಾಸನೆ ಹೀಗೆ ಹಾರಿಹೋಗುವ ದ್ರವದ್ದು.

1920ರ ದಶಕದಲ್ಲಿ ಅಮೆರಿಕದಲ್ಲಿ ಇದೇ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ಮೋಟಾರು ಕಾರುಗಳಿಗೆ ಹಚ್ಚಲು ಶುರುಮಾಡಿದರು. ಅದಕ್ಕೆ ಮೊದಲು ಕಾರಿನ ಬಣ್ಣ ಒಣಗಲು ದಿನಗಟ್ಟಲೆ, ವಾರಗಟ್ಟಲೆ ಬೇಕಾಗುತ್ತಿತ್ತು. ಉಗುರುಬಣ್ಣವೂ ಕಾರಿನ ಬಣ್ಣವೂ ಹೀಗೆ ದಾಯಾದಿಗಳು. ನಮ್ಮ ಪಕ್ಕದ ಪಿಂಪ್ರಿ-ಚಿಂಚವಡದಲ್ಲಿ ಗಾಡಿಗಳ ಕಾರ್ಖಾನೆಗಳಿವೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ನಮ್ಮ ಸಂಘದ ಕಾರ್ಯಕ್ರಮಕ್ಕೆ ಬಂದಾಗ ಕೇಳಿ ನೋಡಿ: ಕಾರಿಗೆ ಒಮ್ಮೆಲೇ ಬಣ್ಣ ಬಳಿಯುವುದಿಲ್ಲ. ತಗಡನ್ನು ಮೊದಲು ಚೊಕ್ಕಟ ಮಾಡುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪು ಕೊಟ್ಟು ಕಾಪಾಡುವ ಪಾರದರ್ಶಕ ಲೇಪ. ಉಗುರಿಗೂ ಇದೇ ಕ್ರಮ. ಬೇಸ್ ಕೋಟ್ ಹಿಡಿದುಕೊಳ್ಳುತ್ತದೆ, ಬಣ್ಣ ಕಾಣಿಸುತ್ತದೆ, ಟಾಪ್ ಕೋಟ್ ಕಾಪಾಡುತ್ತದೆ. ನಮ್ಮ ಹುಡುಗಿಯರು ಬಹಳ ಮಂದಿ ಬೇಸ್ ಕೋಟ್ ದಂಡದ ಖರ್ಚೆಂದು ಬಿಟ್ಟುಬಿಡುತ್ತಾರೆ. ಕಣ್ಣಿಗೆ ಕಾಣದ ಆ ಪದರ ಇಲ್ಲದಿದ್ದರೆ ಬಣ್ಣ ಬೇಗ ಏಳುತ್ತದೆ, ಗಾಢ ಬಣ್ಣಗಳು ಉಗುರಿಗೆ ಹಳದಿ ಕಲೆಯನ್ನೂ ಬಿಡುತ್ತವೆ.

ಬೇಕಾಗುವ ಸಾಮಗ್ರಿ

ಬೇಸ್ ಕೋಟ್ ಒಂದು ಶೀಸೆ, ಟಾಪ್ ಕೋಟ್ ಒಂದು ಶೀಸೆ, ನಾಲ್ಕೈದು ಬಣ್ಣ (ಅದರಲ್ಲಿ ಬಿಳಿ ಇರಲೇಬೇಕು), ಹಲ್ಲುಕಡ್ಡಿ, ಗುಂಡುಸೂಜಿ, ಸೆಲೋ ಟೇಪು, ಹತ್ತಿ, ಬಣ್ಣ ತೆಗೆಯುವ ರಿಮೂವರ್, ಅಡುಗೆಯ ಅಲ್ಯುಮಿನಿಯಂ ಹಾಳೆಯ ತುಂಡು, ಹಳೆಯ ವರ್ತಮಾನಪತ್ರಿಕೆ. ಗುಂಡುಸೂಜಿಯ ಮೊನೆಯನ್ನು ಪೆನ್ಸಿಲ್ಲಿನ ಹಿಂದಿರುವ ರಬ್ಬರಿಗೆ ಚುಚ್ಚಿದರೆ, ಅದರ ಗುಂಡುತಲೆ ಚುಕ್ಕಿ ಇಡಲು ಒಳ್ಳೆಯ ಸಾಧನವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ತೆರೆದ ಕಿಟಕಿ ಮತ್ತು ಮುಕ್ಕಾಲರಿಂದ ಒಂದು ಗಂಟೆಯ ಬಿಡುವು.

ಮೊದಲು ಕೈ ಪಳಗಲಿ

ಹಚ್ಚುವ ಮೊದಲು ಬಹಳ ಹೊತ್ತು ನೀರಿನಲ್ಲಿ ಕೈ ಅದ್ದಬೇಡಿ. ಉಗುರು ನೀರು ಕುಡಿದು ಹಿಗ್ಗುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ. ಮೇಲಿನ ಬಣ್ಣ ಅದರ ಜೊತೆ ಕುಗ್ಗಲಾರದೆ ಬಿರುಕು ಬಿಡುತ್ತದೆ. ಪಾತ್ರೆ ತೊಳೆದು ಬಂದ ಕೂಡಲೇ ಹಚ್ಚಿದ ಬಣ್ಣ ನಿಲ್ಲದಿರುವುದಕ್ಕೆ ಇದೇ ಕಾರಣ. ಉಗುರು ಕತ್ತರಿಸಿ, ಅಂಚು ತೀಡಿ, ರಿಮೂವರಿನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿ. ಕೊಬ್ಬರಿ ಎಣ್ಣೆಯ ಜಿಡ್ಡು ಇದ್ದರೆ ಹೋಗಲಿ.

ಶೀಸೆಯನ್ನು ಗಡಗಡ ಅಲ್ಲಾಡಿಸಬೇಡಿ, ಗುಳ್ಳೆ ಬರುತ್ತದೆ. ಎರಡು ಅಂಗೈಗಳ ನಡುವೆ ಹೊರಳಿಸಿ. ಕುಂಚವನ್ನು ಶೀಸೆಯ ಬಾಯಿಗೆ ಒತ್ತಿ ಹೆಚ್ಚಿನ ಬಣ್ಣ ತೆಗೆಯಿರಿ. ನಡುವೆ ಒಂದು ಎಳೆ, ಆಚೆ ಈಚೆ ಒಂದೊಂದು ಎಳೆ, ಮೂರರಲ್ಲಿ ಒಂದು ಉಗುರು ಮುಗಿಯಬೇಕು. ಬುಡದ ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಡಿ. ತುದಿಯ ಅಂಚಿಗೂ ಒಮ್ಮೆ ಕುಂಚ ಸವರಿ, ಅಲ್ಲಿಂದಲೇ ಬಣ್ಣ ಏಳುವುದು ಹೆಚ್ಚು.

ಮೊದಲ ಪದರ ಅಲ್ಲಲ್ಲಿ ಬೆಳ್ಳಗೆ, ಗೆರೆಗೆರೆಯಾಗಿ ಕಂಡರೆ ಗಾಬರಿಯಾಗಬೇಡಿ. ಹಾಗೇ ಕಾಣಬೇಕು. ಅದನ್ನು ಮುಚ್ಚಲೆಂದು ದಪ್ಪ ಬಳಿಯುವುದೇ ಎಲ್ಲರೂ ಮಾಡುವ ತಪ್ಪು. ದಪ್ಪ ಪದರದ ಮೇಲ್ಭಾಗ ಒಣಗಿ ಪೊರೆ ಕಟ್ಟುತ್ತದೆ, ಕೆಳಗಿನ ದ್ರವಕ್ಕೆ ಹೊರಬರಲು ದಾರಿ ಸಿಗುವುದಿಲ್ಲ. ಹಾಲಿನ ಕೆನೆ ಮುಟ್ಟಿದಂತೆ ಅದು ಜಾರುತ್ತದೆ. ಚಾದರದ ಅಚ್ಚು ಬೀಳುವುದು ಹೀಗೆ. ಎರಡು ದಪ್ಪ ಪದರಕ್ಕಿಂತ ನಾಲ್ಕು ತೆಳು ಪದರ ಬೇಗ ಒಣಗುತ್ತದೆ. ಪ್ರತಿ ಪದರಕ್ಕೂ ಎರಡು ಮೂರು ನಿಮಿಷ ಬಿಡಿ. ಎಲ್ಲ ಮುಗಿದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಮುಟ್ಟಿದರೆ ಅಂಟದಂತಾಗುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ಹಲವು ಗಂಟೆ ಬೇಕು. ಹಬ್ಬ ನಾಳೆ ಎಂದರೆ ಇಂದು ಸಂಜೆಯೇ ಹಚ್ಚಿ, ಮಲಗುವ ಹೊತ್ತಿಗೆ ಹಚ್ಚಬೇಡಿ.

ನಮ್ಮ ಪುಣೆಯ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ದ್ರವ ಹಾರುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ಅಲ್ಲಿ ನೀರು ಕೂತು ಹೊಳಪು ಹೋಗಿ ಬೂದು ಬೂದಾಗುತ್ತದೆ. ಜಿಟಿಜಿಟಿ ಮಳೆಯ ದಿನ ಬಿಟ್ಟು, ಬಿಸಿಲು ಕಂಡ ದಿನ ಹಚ್ಚಿದರೆ ಒಳ್ಳೆಯದು.

ಮೂರು ಚಿತ್ತಾರಗಳು

*ಒಂದು: ಇಳಕಲ್ ಸೆರಗು.* ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ನಿಮ್ಮ ಮರಾಠಿ ಗೆಳತಿಯರೂ ಬಲ್ಲರು. ಅವರು ಅದನ್ನು ಇರಕಲ್ ಎನ್ನುತ್ತಾರೆ. ಅವರ ಅಜ್ಜಿಯ ಪೆಟ್ಟಿಗೆಯಲ್ಲೂ ಒಂದು ಇದ್ದರೆ ಆಶ್ಚರ್ಯವಿಲ್ಲ. ಒಡಲು ಒಂದು ಬಣ್ಣ, ಸೆರಗು ಕೆಂಪು, ಸೆರಗಿನಲ್ಲಿ ಬಾಚಣಿಗೆ ಹಲ್ಲಿನಂಥ ಬಿಳಿ ವಿನ್ಯಾಸ. ಅದಕ್ಕೆ ತೋಪು ತೆನೆ ಎನ್ನುತ್ತಾರೆ.

ಬೇಸ್ ಕೋಟ್ ಒಣಗಿದ ಮೇಲೆ ನವಿಲು ಹಸಿರಿನ ಎರಡು ತೆಳು ಪದರ ಹಚ್ಚಿ. ಇಪ್ಪತ್ತು ನಿಮಿಷ ಬಿಡಿ, ಏಕೆಂದರೆ ಇನ್ನು ಟೇಪು ಅಂಟಿಸಬೇಕು. ಟೇಪನ್ನು ಮೊದಲು ಮುಂಗೈಗೆ ಒಂದೆರಡು ಸಲ ಅಂಟಿಸಿ ಕಿತ್ತು ಅದರ ಅಂಟು ತಗ್ಗಿಸಿ. ಉಗುರಿನ ತುದಿಯ ಮೂರನೇ ಒಂದು ಭಾಗ ಬಿಟ್ಟು ಉಳಿದದ್ದನ್ನು ಟೇಪಿನಿಂದ ಮುಚ್ಚಿ. ಬಿಟ್ಟ ಜಾಗಕ್ಕೆ ನೇರವಾಗಿ ಕೆಂಪು ಹಚ್ಚಿದರೆ ಕೆಳಗಿನ ಹಸಿರು ಇಣುಕಿ ಬಣ್ಣ ಮಂಕಾಗುತ್ತದೆ. ಆದ್ದರಿಂದ ಮೊದಲು ಬಿಳಿಯ ತೆಳು ಪದರ, ಅದರ ಮೇಲೆ ಕೆಂಪು. ಕೆಂಪು ಹಸಿಯಿರುವಾಗಲೇ ಟೇಪು ತೆಗೆಯಿರಿ, ಒಣಗಿದ ಮೇಲೆ ಎಳೆದರೆ ಅಂಚು ಹರಿಯುತ್ತದೆ. ಹತ್ತು ನಿಮಿಷದ ನಂತರ ಹಲ್ಲುಕಡ್ಡಿಯ ತುದಿಯಿಂದ ಬಿಳಿ ಹಲ್ಲುಗಳನ್ನು ಬರೆಯಿರಿ. ಹೆಬ್ಬೆರಳಿಗೆ ಐದು, ಕಿರುಬೆರಳಿಗೆ ಮೂರು ಸಾಕು.

*ಎರಡು: ನಿನ್ನೆಯ ರಂಗೋಲಿ, ಇಂದಿನ ರಂಗೋಲಿ.* ಪದರದ ನಿಜವಾದ ಚೆಂದ ಇದರಲ್ಲಿದೆ. ಬೇಸ್ ಕೋಟಿನ ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ಸಾರಿಸಿದ ಅಂಗಳದಂತೆ. ಒಣಗಿದ ಮೇಲೆ ಗುಂಡುಸೂಜಿಯ ತಲೆಯಿಂದ ಬಿಳಿ ಚುಕ್ಕಿಗಳನ್ನು ಸಾಲಾಗಿ ಇಡಿ. ಇನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ಬಣ್ಣವಿಲ್ಲದ ಪಾಲಿಶ್ ನಾಲ್ಕು ಹನಿ, ಕೆಂಪು ಒಂದು ಹನಿ ಬೆರೆಸಿ. ಬೇಗ ಬೆರೆಸಿ, ಇಲ್ಲದಿದ್ದರೆ ಅಲ್ಲೇ ಒಣಗುತ್ತದೆ. ಬೆಳಕು ಹಾಯುವ ಈ ತಿಳಿಗೆಂಪನ್ನು ಚುಕ್ಕಿಗಳ ಮೇಲೆ ತೆಳುವಾಗಿ ಹಚ್ಚಿ. ಒಣಗಿದ ಮೇಲೆ ಮೊದಲ ಚುಕ್ಕಿಗಳ ನಡುವಿನ ಜಾಗದಲ್ಲಿ ಮತ್ತೆ ಬಿಳಿ ಚುಕ್ಕಿ ಇಟ್ಟು, ಟಾಪ್ ಕೋಟ್ ಕೊಡಿ. ಕೆಳಗಿನ ಚುಕ್ಕಿಗಳು ಮಾಸಿದಂತೆ ಆಳದಲ್ಲಿ ಕಾಣುತ್ತವೆ, ಮೇಲಿನವು ಹೊಸದಾಗಿ ಹೊಳೆಯುತ್ತವೆ. ನೀರು ಹಾಕಿ ಗುಡಿಸಿದ ನಿನ್ನೆಯ ರಂಗೋಲಿಯ ಗುರುತಿನ ಮೇಲೆ ಇಂದಿನದನ್ನು ಬರೆದ ಹಾಗೆ.

*ಮೂರು: ಮುಳಶಿಯ ಗುಡ್ಡಗಳು.* ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಬಾಲ್ಕನಿಯಿಂದ ಪಶ್ಚಿಮಕ್ಕೆ ನೋಡಿ. ಹತ್ತಿರದ ಗುಡ್ಡ ಕಡುಹಸಿರು, ಅದರಾಚೆಯದು ನೀಲಿ, ಅದರಾಚೆಯದು ಬರೀ ಬೂದು. ದೂರ ಹೋದಷ್ಟೂ ನಡುವಿನ ಹವೆ ಬಣ್ಣವನ್ನು ತಿಳಿಮಾಡುತ್ತದೆ. ಅದನ್ನೇ ಉಗುರಿಗೆ ತನ್ನಿ. ಬುಡದ ಕಡೆ ಆಕಾಶ, ತುದಿಯ ಕಡೆ ನೆಲ ಎಂದುಕೊಳ್ಳಿ. ಇಡೀ ಉಗುರಿಗೆ ಬಿಳಿಗೆ ಸಮೀಪದ ಬೂದು ಹಚ್ಚಿ ಚೆನ್ನಾಗಿ ಒಣಗಿಸಿ. ಟೇಪನ್ನು ಕತ್ತರಿಸದೆ ಕೈಯಿಂದಲೇ ಅಡ್ಡಾದಿಡ್ಡಿ ಹರಿಯಿರಿ, ಆ ಹರಿದ ಅಂಚೇ ಗುಡ್ಡದ ಸಾಲು. ಆಕಾಶದ ಭಾಗಕ್ಕೆ ಟೇಪು ಮುಚ್ಚಿ, ಕೆಳಗೆ ಬೂದುನೀಲಿ ಹಚ್ಚಿ, ಹಸಿಯಿರುವಾಗಲೇ ಟೇಪು ತೆಗೆಯಿರಿ. ಒಣಗಿದ ಮೇಲೆ ಇನ್ನೊಂದಿಷ್ಟು ತುದಿಯ ಕಡೆಗೆ ಸರಿಸಿ ಹೊಸ ಟೇಪು, ಈ ಸಲ ನೀಲಿಹಸಿರು. ಕೊನೆಯ ಸಾಲು ಕಡುಹಸಿರು. ನೀಲಿಗೆ ಬಿಳಿ, ಹಸಿರಿಗೆ ಕಪ್ಪು ಬೆರೆಸಿಕೊಂಡರೆ ಹೊಸ ಶೀಸೆ ಕೊಳ್ಳುವ ಅಗತ್ಯವೂ ಇಲ್ಲ.

ಮೂರಕ್ಕೂ ಕೊನೆಯ ಕೆಲಸ ಟಾಪ್ ಕೋಟ್. ಚಿತ್ತಾರ ಒಣಗುವ ಮೊದಲೇ ಹಚ್ಚಿದರೆ ಬಿಳಿ ಗೆರೆಗಳೆಲ್ಲ ಕುಂಚದ ಜೊತೆ ಎಳೆದು ಬರುತ್ತವೆ. ಹತ್ತು ನಿಮಿಷ ಕಾದು, ಕುಂಚದ ತುಂಬ ಟಾಪ್ ಕೋಟ್ ತೆಗೆದುಕೊಂಡು, ಒತ್ತದೆ, ತೇಲಿಸಿದಂತೆ ಒಂದೇ ಎಳೆಯಲ್ಲಿ ಹಚ್ಚಿ.

ದೀಪದ ಕೆಳಗಿನ ಬಣ್ಣ

“ಇಷ್ಟೆಲ್ಲ ಕಾಯುವುದು ಯಾರು? ಜೆಲ್ ಪಾಲಿಶ್ ಹಚ್ಚಿ ದೀಪದ ಕೆಳಗೆ ಕೈ ಇಟ್ಟರೆ ಒಂದು ನಿಮಿಷದಲ್ಲಿ ಮುಗಿಯಿತಲ್ಲ!” ಎನ್ನುವವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಮನೆಗೇ ತರಿಸಿಕೊಳ್ಳುವ ಜೆಲ್ ಪಾಲಿಶ್ ಮತ್ತು ಪುಟ್ಟ ದೀಪದ ಪೆಟ್ಟಿಗೆ ಈಗ ಅಗ್ಗವಾಗಿ ಸಿಗುತ್ತದೆ. ಇದನ್ನು ಕುರಿತು ಸ್ವಲ್ಪ ಗಂಭೀರವಾಗಿಯೇ ಹೇಳಬೇಕಾಗಿದೆ.

ಜೆಲ್ ಬಣ್ಣ ಒಣಗುವುದಿಲ್ಲ. ಅದರಲ್ಲಿರುವ ಅಕ್ರಿಲೇಟ್ ಜಾತಿಯ ರಾಸಾಯನಿಕಗಳು ದೀಪದ ಅತಿನೇರಳೆ ಬೆಳಕಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಪೂರ್ತಿ ಗಟ್ಟಿಯಾದರೆ ಸರಿ. ದೀಪ ಆ ಬಣ್ಣಕ್ಕೆ ಹೊಂದದಿದ್ದರೆ, ಪದರ ದಪ್ಪವಾಗಿದ್ದರೆ, ಅಥವಾ ಬಣ್ಣ ಬೆರಳಿನ ಚರ್ಮಕ್ಕೆ ತಾಗಿದ್ದರೆ, ಗಟ್ಟಿಯಾಗದೆ ಉಳಿದ ಅಂಶ ಚರ್ಮಕ್ಕೆ ಇಳಿದು ಅಲರ್ಜಿ ತರಬಹುದು. ಬೆರಳ ತುದಿ ಕೆಂಪಾಗಿ ತುರಿಸುವುದು, ಚರ್ಮ ಸುಲಿಯುವುದು, ಉಗುರು ಸಡಿಲವಾಗುವುದು ಇದರ ಲಕ್ಷಣಗಳು. ಕಣ್ಣ ರೆಪ್ಪೆ, ಕೆನ್ನೆಗಳಲ್ಲೂ ದದ್ದು ಏಳುವುದುಂಟು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು, ಮನೆಯಲ್ಲಿ ಬಳಸುವ ಕಿಟ್ಟುಗಳ ಬಗ್ಗೆ ವಿಶೇಷವಾಗಿ. ಜೆಲ್ ಗಟ್ಟಿಯಾಗಲು ಸೇರಿಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ.

ಒಮ್ಮೆ ಅಂಟಿದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿನ ಹುಳುಕು ತುಂಬುವ ವಸ್ತುವಿನಲ್ಲಿ, ಮಂಡಿಯ ಕೀಲು ಬದಲಿಸುವಾಗ ಬಳಸುವ ಸಿಮೆಂಟಿನಲ್ಲಿ, ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಉಪಕರಣಗಳಲ್ಲಿ ಇದೇ ಜಾತಿಯ ರಾಸಾಯನಿಕಗಳಿರುತ್ತವೆ. ಹದಿನಾರನೇ ವಯಸ್ಸಿನಲ್ಲಿ ಉಳಿಸಿದ ಮುಕ್ಕಾಲು ಗಂಟೆಗೆ ಅರವತ್ತರಲ್ಲಿ ಬೆಲೆ ತೆರಬೇಕೇ? ಜೆಲ್ ಬೇಕೇ ಬೇಕೆಂದರೆ ತರಬೇತಿ ಪಡೆದವರ ಕೈಯಲ್ಲಿ, ಅಪರೂಪಕ್ಕೆ ಮಾಡಿಸಿಕೊಳ್ಳಿ. ಮನೆಯಲ್ಲಿ ಬೇಡ. ತುರಿಕೆ ಕಂಡರೆ ಮುಚ್ಚಿಡದೆ ಅಮ್ಮನಿಗೆ ಹೇಳಿ, ಚರ್ಮವೈದ್ಯರನ್ನು ಕಾಣಿ.

ತೆಗೆಯುವುದೂ ಒಂದು ಕೆಲಸ

ಪರೀಕ್ಷೆಗೆ ಓದುತ್ತ ಕೂತು, ಇನ್ನೊಂದು ಕೈಯಿಂದ ಬಣ್ಣವನ್ನು ಚಕ್ಕೆಚಕ್ಕೆಯಾಗಿ ಕೀಳುವ ಅಭ್ಯಾಸ ಎಷ್ಟು ಜನರಿಗಿಲ್ಲ! ಉಗುರೂ ಪದರ ಪದರವಾಗಿಯೇ ಇದೆ. ಬಣ್ಣ ಕಿತ್ತಾಗ ಮೇಲಿನ ತೆಳುಪದರವೂ ಜೊತೆಗೆ ಬರುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಆರು ತಿಂಗಳಾದರೂ ಬೇಕು. ಅರ್ಧ ನಿಮಿಷದಲ್ಲಿ ಕಿತ್ತದ್ದನ್ನು ತುಂಬಿಕೊಳ್ಳಲು ಅಷ್ಟು ಕಾಲ. ರಿಮೂವರಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ತುದಿಯ ಕಡೆಗೆ ಒರೆಸಿ. ಪದರ ಹೆಚ್ಚಿದ್ದರೆ ಎರಡು ಮೂರು ಸಲ ಮಾಡಿ. ಕೊನೆಗೆ ಕೈ ತೊಳೆದು ಕೊಬ್ಬರಿ ಎಣ್ಣೆ ತಿಕ್ಕಿ.

ಇನ್ನೆರಡು ಮಾತು. ಉಗುರುಬಣ್ಣ, ರಿಮೂವರ್ ಎರಡೂ ಬೇಗ ಹೊತ್ತಿಕೊಳ್ಳುವಂಥವು. ಮಹಾಭಾರತದ ಅರಗಿನ ಮನೆಯ ಕತೆ ಕೇಳಿದ್ದೀರಲ್ಲ? ದೀಪಾವಳಿಯ ಹಣತೆ, ಊದಿನಕಡ್ಡಿ, ಗ್ಯಾಸಿನ ಒಲೆ ಇವುಗಳ ಹತ್ತಿರ ಶೀಸೆ ತೆರೆಯಲೇಬೇಡಿ. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಇದ್ದರೆ ಹೋಗುವ ಮೊದಲೇ ಉಗುರುಬಣ್ಣ ತೆಗೆದುಬಿಡಿ. ರಕ್ತದ ಆಮ್ಲಜನಕ ಅಳೆಯುವ ಉಪಕರಣ ಬೆಳಕು ಹಾಯಿಸುವುದು ಬೆರಳ ತುದಿಯ ಮೂಲಕವೇ, ಉಗುರಿನ ಬಣ್ಣ ನೋಡುವ ಅಗತ್ಯ ವೈದ್ಯರಿಗೂ ಇರುತ್ತದೆ.

ಕಾಯುವ ಹೊತ್ತಿನಲ್ಲಿ

ಹತ್ತೂ ಉಗುರು ಹಸಿಯಿರುವ ಆ ಮುಕ್ಕಾಲು ಗಂಟೆ ಮೊಬೈಲು ಮುಟ್ಟುವಂತಿಲ್ಲ. ನಿಮಗೆ ಇದು ಶಿಕ್ಷೆಯೆನಿಸಬಹುದು. ಅಜ್ಜಿ ಊರಿನಿಂದ ಬಂದಿದ್ದರೆ ಅವರ ಪಕ್ಕದಲ್ಲಿ ಕೂತುಬಿಡಿ. ಪಂಚಮಿ ಹಬ್ಬಕ್ಕೆ ಮದರಂಗಿ ಅರೆದು, ಕೈಗೆ ಬಟ್ಟೆ ಸುತ್ತಿಕೊಂಡು ರಾತ್ರಿಯಿಡೀ ಮಲಗುತ್ತಿದ್ದುದನ್ನು ಕೇಳಿ. ಅಲುಗಾಡದೆ ಕಾಯುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮುಂದಿನ ಸಲ ಅವರ ಬೆರಳಿಗೂ ಒಂದು ಇಳಕಲ್ ಸೆರಗು ಬರೆದುಕೊಡಿ. ಮೊದಲು “ಛೀ, ಹೋಗ” ಎಂದಾರು, ಆಮೇಲೆ ತಾವೇ ಕೈ ಮುಂದೆ ಚಾಚುತ್ತಾರೆ, ನೋಡುತ್ತಿರಿ. ಅಮ್ಮನ ಕಾಯಿ ತುರಿಯುವ ಕೆಲಸವನ್ನು ಮಾತ್ರ ಮೊದಲೇ ಮುಗಿಸಿ ಕೂರುವುದು ಜಾಣತನ!

ನೀವು ಮಾಡಿದ ಚಿತ್ತಾರದ ಚಿತ್ರ ತೆಗೆದು ನಮಗೆ ಕಳಿಸಿ. ಜೊತೆಗೆ ಎರಡು ಸಾಲು ಕನ್ನಡದಲ್ಲಿ ಬರೆದಿರಲಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.